ಗದಗ ಪರಿಸರದಲ್ಲಿ ದೀನ್‌ದಾರ್ ಅಂಜುಮನ್: ವಿರೋಧ, ಕಣ್ಗಾವಲು ಮತ್ತು ನಿಷೇಧ

ದೀನ್‌ದಾರ್ ಅಂಜುಮನ್ 20ನೆಯ ಶತಮಾನದ ಮೊದಲ ಭಾಗದಲ್ಲಿ ಕನ್ನಡ ನಾಡಿನಲ್ಲಿ ಹುಟ್ಟಿ, ಮುಂದೆ ಹೈದರಾಬಾದನ್ನು ಕೇಂದ್ರವಾಗಿಸಿಕೊಂಡು ಬೆಳೆದ ಒಂದು ಧಾರ್ಮಿಕ ಪಂಥ. ಇದರ ಸ್ಥಾಪಕರು ಸಿದ್ದೀಕ್ ದೀನ್‌ದಾರ್ ಚನ್ನಬಸವೇಶ್ವರ (1886–1952). 1924ರಲ್ಲಿ ಗದಗ ಪರಿಸರದಲ್ಲಿ ಅವರು ತಮ್ಮನ್ನು 12ನೆಯ ಶತಮಾನದ ಶರಣ ಚನ್ನಬಸವಣ್ಣನ ಅವತಾರವೆಂದು ಘೋಷಿಸಿಕೊಂಡದ್ದು ಲಿಂಗಾಯತ ಸಮಾಜದಲ್ಲಿ ತೀವ್ರ ವಿರೋಧಕ್ಕೆ ಕಾರಣವಾಯಿತು. 2000ನೆಯ ಇಸವಿಯಲ್ಲಿ ಕರ್ನಾಟಕ, ಆಂಧ್ರಪ್ರದೇಶ ಹಾಗೂ ಗೋವಾ ರಾಜ್ಯಗಳ ಚರ್ಚುಗಳಲ್ಲಿ ನಡೆದ ಸರಣಿ ಸ್ಫೋಟಗಳ ತನಿಖೆ ಈ ಸಂಘಟನೆಯ ಸದಸ್ಯರತ್ತ ಸಾಗಿತು; 2001ರಲ್ಲಿ ಕೇಂದ್ರ ಸರ್ಕಾರ ಸಂಘಟನೆಯನ್ನು ನಿಷೇಧಿಸಿತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಗಳನ್ನು ಒಳಗೊಂಡ ಪ್ರದೇಶದ ಹಿನ್ನೆಲೆಯಲ್ಲಿ ಈ ಪಂಥದ ಉಗಮ, ಅದರ ವಿರುದ್ಧ ಎದ್ದ ಪ್ರತಿಭಟನೆ, ಅದರ ನೆಲೆಗಳ ಮೇಲೆ ಇಡಲಾಗುವ ಕಣ್ಗಾವಲು ಹಾಗೂ ಅದಕ್ಕೆ ಸಂಬಂಧಿಸಿದ ಕಾನೂನನ್ನು ಈ ಲೇಖನ ವಿವರಿಸುತ್ತದೆ.

ಹೆಸರು

ಅರಬ್ಬಿ ಮೂಲದ 'ದೀನ್' ಶಬ್ದಕ್ಕೆ ಧರ್ಮವೆಂದೂ ಪಾರಸಿಯ 'ದೀನ್‌ದಾರ್' ಎಂಬುದಕ್ಕೆ ಧರ್ಮನಿಷ್ಠ ಎಂದೂ ಅರ್ಥ. 'ಅಂಜುಮನ್' ಎಂದರೆ ಸಭೆ ಅಥವಾ ಸಂಘ. ಈ ಎರಡನೆಯ ಪದದಿಂದ ಉಂಟಾಗುವ ಗೊಂದಲವನ್ನು ಮೊದಲೇ ನಿವಾರಿಸಿಕೊಳ್ಳುವುದು ಒಳ್ಳೆಯದು. ಉತ್ತರ ಕರ್ನಾಟಕದ ಬಹುತೇಕ ಪಟ್ಟಣಗಳಲ್ಲಿ ಅಂಜುಮನ್-ಎ-ಇಸ್ಲಾಂ ಎಂಬ ಹೆಸರಿನ ಸಂಸ್ಥೆಗಳಿವೆ. ಅವು ಮಸೀದಿ, ಖಬರಸ್ತಾನ, ಶಾಲೆ, ಕಾಲೇಜು, ವಿದ್ಯಾರ್ಥಿ ನಿಲಯಗಳನ್ನು ನೋಡಿಕೊಳ್ಳುವ ಸಮುದಾಯ ಸಂಸ್ಥೆಗಳು. ಹುಬ್ಬಳ್ಳಿ ಮತ್ತು ಧಾರವಾಡಗಳ ಅಂಜುಮನ್ ವಿದ್ಯಾಸಂಸ್ಥೆಗಳಲ್ಲಿ ಎಲ್ಲ ಜಾತಿಮತಗಳ ಮಕ್ಕಳೂ ಓದಿದ್ದಾರೆ. ಇವುಗಳಿಗೂ ದೀನ್‌ದಾರ್ ಅಂಜುಮನ್‌ಗೂ ಸಂಬಂಧವಿಲ್ಲ. ಸಂಘ ಎಂಬ ಪದವಿರುವ ಸಂಸ್ಥೆಗಳೆಲ್ಲ ಒಂದೇ ಅಲ್ಲ ಎಂಬುದು ಎಷ್ಟು ಸರಳವೋ ಇದೂ ಅಷ್ಟೇ ಸರಳ. ಆದರೂ ವಿದ್ಯಾರ್ಥಿಗಳು ಮಾತ್ರವಲ್ಲ, ದೊಡ್ಡವರೂ ಇಲ್ಲಿ ಎಡವುತ್ತಾರೆ.

ಪ್ರದೇಶದ ಧಾರ್ಮಿಕ ಹಿನ್ನೆಲೆ

ಸ್ಥಾಪಕರ ಘೋಷಣೆಗೆ ಗದಗ ಪರಿಸರವೇ ವೇದಿಕೆಯಾದುದು ಏಕೆ ಎಂಬುದನ್ನು ತಿಳಿಯಲು ಈ ನೆಲದ ಮಠ, ದರ್ಗಾ, ಬಸದಿಗಳ ಪರಂಪರೆಯನ್ನು ಗಮನಿಸಬೇಕು. ಪ್ರಾಚೀನ ಕಾಲದಲ್ಲಿ ಪುಲಿಗೆರೆ ಎನಿಸಿಕೊಂಡಿದ್ದ ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ದೇವಾಲಯ, ಶಂಖ ಬಸದಿ ಮತ್ತು ದೂದಪೀರಾಂ ದರ್ಗಾ ಒಂದೇ ಊರಿನಲ್ಲಿವೆ. ಗದುಗಿನಲ್ಲಿ ವೀರನಾರಾಯಣ ಮತ್ತು ತ್ರಿಕೂಟೇಶ್ವರ ದೇವಾಲಯಗಳ ಜೊತೆಗೆ ತೋಂಟದಾರ್ಯ ಮಠವಿದೆ. ಮುಂಡರಗಿಯಲ್ಲಿ ಅನ್ನದಾನೀಶ್ವರ ಮಠವಿದೆ. ಶಿರಹಟ್ಟಿಯ ಫಕೀರೇಶ್ವರ ಮಠವಂತೂ ಹೆಸರಿನಲ್ಲೇ ಎರಡು ಪರಂಪರೆಗಳನ್ನು ಹೊತ್ತಿದೆ. ವಿಜಾಪುರದ ಸೂಫಿ ಸಂತರೊಬ್ಬರ ಕೃಪೆಯೊಂದಿಗೆ ಅದರ ಮೂಲವನ್ನು ಜೋಡಿಸುವ ಪ್ರತೀತಿ ಇದೆ, ಹಿಂದೂ ಮತ್ತು ಮುಸ್ಲಿಂ ಭಕ್ತರಿಬ್ಬರೂ ಅಲ್ಲಿ ನಡೆದುಕೊಳ್ಳುತ್ತಾರೆ. ಸಗರನಾಡಿನ ಕೊಡೇಕಲ್ಲ ಬಸವಣ್ಣ ಮತ್ತು ತಿಂಥಣಿಯ ಮೌನೇಶ್ವರರ ಪರಂಪರೆಗಳೂ ಇದೇ ಬಗೆಯವು.

ಇದರೊಂದಿಗೆ ಕಾಲಜ್ಞಾನ ಸಾಹಿತ್ಯವನ್ನೂ ಸೇರಿಸಿಕೊಳ್ಳಬೇಕು. ಮುಂದೆ ನಡೆಯಲಿರುವುದನ್ನು ಒಗಟಿನ ಮಾತಿನಲ್ಲಿ ಹೇಳುವ ಈ ವಚನಗಳು ಮತ್ತು ಹಾಡುಗಳಲ್ಲಿ ಹಲವು ಚನ್ನಬಸವಣ್ಣನ ಹೆಸರಿನಲ್ಲಿ ಪ್ರಚಲಿತವಾಗಿವೆ. ಕಲ್ಯಾಣ ಪಾಳಾದ ಬಳಿಕ ಶರಣರನ್ನು ಉಳವಿಗೆ ಕರೆದೊಯ್ದವನು ಚನ್ನಬಸವಣ್ಣ. ಹಾಳಾದ ಕಲ್ಯಾಣ ಮತ್ತೆ ಕಟ್ಟುವುದು, ವೀರವಸಂತರಾಯ ಬರುವನು ಎಂಬ ನಿರೀಕ್ಷೆ ಈ ಸಾಹಿತ್ಯದ ಜೀವಾಳ. ನಿರೀಕ್ಷೆಯಿರುವಲ್ಲಿ 'ನಾನೇ ಅವನು' ಎನ್ನುವವರೂ ಬರುತ್ತಾರೆ. ಸಿದ್ದೀಕ್ ದೀನ್‌ದಾರರಿಗಿಂತ ಎಂಟು ದಶಕಗಳಷ್ಟು ಮುಂಚೆ, 1840ರ ಆಸುಪಾಸಿನಲ್ಲಿ, ಹುಬ್ಬಳ್ಳಿ-ಧಾರವಾಡ ಭಾಗದ 'ಕಾಲಜ್ಞಾನಿ'ಗಳೆಂಬ ಗುಂಪೊಂದು ತಮ್ಮ ಗ್ರಂಥಗಳಲ್ಲಿ ಹೇಳಿದ ಕಾಲ ಬಂದಿದೆಯೆಂದು ಭಾವಿಸಿ ಬಾಸೆಲ್ ಮಿಷನ್ನಿನ ಪಾದ್ರಿಗಳನ್ನು ಸಂಪರ್ಕಿಸಿತ್ತು. ಹರ್ಮನ್ ಮೋಗ್ಲಿಂಗ್ ಮೊದಲಾದವರು ಇದರಿಂದ ಬಹಳ ಆಸೆ ಇಟ್ಟುಕೊಂಡರು. ಊರೂರುಗಳೇ ಮತಾಂತರವಾಗುವವೆಂಬ ಆ ಎಣಿಕೆ ಕೈಗೂಡಲಿಲ್ಲ. ಬೆಟಗೇರಿಯ ಮಿಷನ್ ಕೇಂದ್ರ ಮಾತ್ರ ಉಳಿದು ಶಾಲೆ, ಆಸ್ಪತ್ರೆಗಳಿಂದ ಜನಮನ್ನಣೆ ಪಡೆಯಿತು. ಕಾಲಜ್ಞಾನದ ಮಾತುಗಳನ್ನು ಬೇರೊಂದು ಧರ್ಮದ ಬಾಗಿಲಾಗಿ ಬಳಸುವ ಪ್ರಯತ್ನ ಇಲ್ಲಿ 1924ರಲ್ಲಿ ಹೊಸದೇನೂ ಆಗಿರಲಿಲ್ಲ.

ಸ್ಥಾಪಕರು ಮತ್ತು ಅವರ ಘೋಷಣೆ

ಸಿದ್ದೀಕ್ ದೀನ್‌ದಾರರು ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಗುರುಮಠಕಲ್ ಸೀಮೆಯ ಬಾಲಂಪೇಟೆಯಲ್ಲಿ 1886ರಲ್ಲಿ ಜನಿಸಿದರು. ಯೌವನದಲ್ಲಿ ಅಹ್ಮದಿಯಾ ಪಂಥದ ಸಂಪರ್ಕಕ್ಕೆ ಬಂದರು. ಬಳಿಕ ಅದರಿಂದ ಬೇರೆಯಾಗಿ ತಮ್ಮದೇ ಮಾರ್ಗ ಹಿಡಿದರು. ಅಹ್ಮದಿಯಾ ಪಂಥದ ಸ್ಥಾಪಕ ಮಿರ್ಜಾ ಗುಲಾಮ್ ಅಹ್ಮದರು ತಮ್ಮನ್ನು ಹಿಂದೂಗಳು ನಿರೀಕ್ಷಿಸುವ ಕೃಷ್ಣನ ಅವತಾರವೆಂದೂ ಹೇಳಿಕೊಂಡಿದ್ದರು. ಅದೇ ತರ್ಕವನ್ನು ಸಿದ್ದೀಕ್ ದೀನ್‌ದಾರರು ಕನ್ನಡ ನಾಡಿಗೆ ತಂದು, ಕೃಷ್ಣನ ಜಾಗದಲ್ಲಿ ಚನ್ನಬಸವಣ್ಣನನ್ನು ಇರಿಸಿದರೆಂದು ಹೇಳಬಹುದು.

ಅವರ ವಾದದ ತಿರುಳು ಹೀಗಿತ್ತು. ಕಾಲಜ್ಞಾನಗಳು ಸೂಚಿಸುವ ಚನ್ನಬಸವೇಶ್ವರ ತಾವೇ. ಅದಕ್ಕೆ ಬೇಕಾದ ದೇಹಲಕ್ಷಣಗಳು ತಮ್ಮಲ್ಲಿವೆ. ಎಲ್ಲ ಧರ್ಮಗಳ ಮೂಲವೂ ಒಂದೇ. ಎಲ್ಲ ಶಾಸ್ತ್ರಗಳೂ ಕೊನೆಗೆ ಸೂಚಿಸುವ ಜಗದ್ಗುರು ಪ್ರವಾದಿ ಮುಹಮ್ಮದರು. ಆದ್ದರಿಂದ ಲಿಂಗಾಯತರು ತಮ್ಮ ಧರ್ಮದ ಪೂರ್ಣತೆಯನ್ನು ಇಸ್ಲಾಮಿನಲ್ಲಿ ಕಾಣಬೇಕು. ಪ್ರಚಾರಕರು ಜಂಗಮರನ್ನು ಹೋಲುವ ಕಾವಿ ನಿಲುವಂಗಿ ತೊಟ್ಟು, ತಲೆಗೆ ಹಸಿರು ರುಮಾಲು ಸುತ್ತಿ ಊರೂರು ತಿರುಗುತ್ತಿದ್ದರು. ವಚನ, ವೇದ, ಪುರಾಣಗಳ ಉಲ್ಲೇಖ ಅವರ ಭಾಷಣಗಳಲ್ಲಿ ಧಾರಾಳವಾಗಿರುತ್ತಿತ್ತು. ಸರ್ವಧರ್ಮ ಸಮ್ಮೇಳನಗಳನ್ನು ನಡೆಸುವುದು ಪಂಥದ ಮುಖ್ಯ ಚಟುವಟಿಕೆಯಾಗಿ ಮುಂದೆಯೂ ಉಳಿಯಿತು.

ಶಿರಹಟ್ಟಿಯ ಪರಂಪರೆಗೂ ಇದಕ್ಕೂ ಹೊರನೋಟಕ್ಕೆ ಹೋಲಿಕೆ ಇದೆ, ಒಳಗೆ ದೊಡ್ಡ ಅಂತರವಿದೆ. ಫಕೀರೇಶ್ವರನ ಭಕ್ತನು ತನ್ನ ಮನೆಯ ಧರ್ಮವನ್ನು ಬಿಡಬೇಕಾಗಿಲ್ಲ. ಗುರು ಇಬ್ಬರಿಗೂ ಗುರುವೇ. ದೀನ್‌ದಾರರ ಸಮನ್ವಯವಾದರೋ ಒಂದು ದಿಕ್ಕಿನಲ್ಲಿ ಮಾತ್ರ ಹರಿಯುವ ನೀರು. ಪ್ರತಿಭಟನೆಯ ಕಾವು ಹುಟ್ಟಿದ್ದು ಈ ವ್ಯತ್ಯಾಸದಿಂದ.

ಲಿಂಗಾಯತರ ವಿರೋಧ

ಘೋಷಣೆಯನ್ನು ಲಿಂಗಾಯತ ಸಮಾಜದ ಮುಖಂಡರು ಮತ್ತು ಮಠಾಧಿಪತಿಗಳು ತೀವ್ರವಾಗಿ ವಿರೋಧಿಸಿದರು. ಆಕ್ಷೇಪಕ್ಕೆ ಕಾರಣಗಳು ಸ್ಪಷ್ಟವಾಗಿದ್ದವು. ಚನ್ನಬಸವಣ್ಣ ಅವರ ಪಾಲಿಗೆ ಅಕ್ಕನಾಗಮ್ಮನ ಮಗ, ಬಸವಣ್ಣನ ಸೋದರಳಿಯ. ಷಟ್‌ಸ್ಥಲ ಸಿದ್ಧಾಂತವನ್ನು ವ್ಯವಸ್ಥೆಗೊಳಿಸಿದ ಜ್ಞಾನಿ. ಅಲ್ಲಮಪ್ರಭುವಿನ ನಂತರ ಶೂನ್ಯಪೀಠವನ್ನು ಏರಿದವನು. ಐಕ್ಯನಾದ ಶರಣನಿಗೆ ಮರುಹುಟ್ಟು ಇಲ್ಲ ಎಂಬುದು ಲಿಂಗಾಯತ ತತ್ತ್ವ. ಹಾಗಿರುವಾಗ ಅವತಾರದ ಮಾತೇ ತತ್ತ್ವಕ್ಕೆ ವಿರುದ್ಧವಾಗಿತ್ತು. 'ಜಗದ್ಗುರು' ಎಂಬ ಬಿರುದು ಈ ಪ್ರದೇಶದ ಮಠಗಳಲ್ಲಿ ನಿತ್ಯ ಬಳಕೆಯಲ್ಲಿರುವುದರಿಂದ ಅದರ ಹೊಸ ಬಳಕೆಯೂ ಕೆಣಕಿದಂತಾಯಿತು. ವೇಷದ ಪ್ರಶ್ನೆಯಂತೂ ಸಾಮಾನ್ಯ ಭಕ್ತನಿಗೂ ನೇರವಾಗಿ ತಟ್ಟುವಂಥದು: ಮನೆಯ ಬಾಗಿಲಿಗೆ ಬಂದ ಕಾವಿಧಾರಿಗೆ ಶರಣೆಂದು ನಮಸ್ಕರಿಸುವವನಿಗೆ ತಾನು ಯಾರಿಗೆ ನಮಸ್ಕರಿಸುತ್ತಿದ್ದೇನೆಂದು ತಿಳಿದಿರಬೇಕಲ್ಲವೇ?

ದೇಶದ ವಾತಾವರಣವೂ ಬಿಸಿಯಾಗಿತ್ತು. 1923ರ ಸುಮಾರಿಗೆ ಉತ್ತರ ಭಾರತದಲ್ಲಿ ಆರ್ಯ ಸಮಾಜದ ಶುದ್ಧಿ ಚಳವಳಿಯೂ ಅದಕ್ಕೆ ಪ್ರತಿಯಾದ ತಬ್ಲೀಗ್ ಪ್ರಚಾರವೂ ಪರಸ್ಪರ ಎದುರುನಿಂತಿದ್ದವು. 1926ರ ಡಿಸೆಂಬರಿನಲ್ಲಿ ಸ್ವಾಮಿ ಶ್ರದ್ಧಾನಂದರ ಹತ್ಯೆಯಾಯಿತು. ಗದಗ ಸೀಮೆಯಿಂದ ಬಹಳ ದೂರವಲ್ಲದ ಬೆಳಗಾವಿಯಲ್ಲಿ 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಹಿಂದೂ-ಮುಸ್ಲಿಂ ಐಕ್ಯದ ಮಾತಾಡುತ್ತಿದ್ದ ವರ್ಷವೇ ಗದುಗಿನಲ್ಲಿ ಈ ವಿವಾದವೂ ಹೊತ್ತಿಕೊಂಡಿತು.

ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ವಿರೋಧ ಒಂದೇ ಕಡೆಯಿಂದ ಬರಲಿಲ್ಲ. ಪ್ರವಾದಿತ್ವ ಮುಹಮ್ಮದರೊಂದಿಗೆ ಮುಗಿಯಿತೆಂಬುದು ಇಸ್ಲಾಮಿನ ಮೂಲ ನಂಬಿಕೆಗಳಲ್ಲಿ ಒಂದು. ಅವತಾರದ ಕಲ್ಪನೆಗೆ ಅದರಲ್ಲಿ ಸ್ಥಳವಿಲ್ಲ. ಆದಕಾರಣ ಸಾಂಪ್ರದಾಯಿಕ ಉಲೇಮಾಗಳು ಕೂಡ ದೀನ್‌ದಾರರ ಹೇಳಿಕೆಗಳನ್ನು ಒಪ್ಪಲಿಲ್ಲ. ಪಂಥವು ಇಸ್ಲಾಮಿನ ಹೆಸರಿನಲ್ಲಿ ಮಾತನಾಡಿದರೂ ಮುಸ್ಲಿಂ ಸಮಾಜದ ಅಂಚಿನಲ್ಲೇ ಉಳಿಯಿತು.

ನಾಲ್ಕು ಊರು, ನಾಲ್ಕು ಆಡಳಿತದ ಗಡಿ

ಇಂದು ಒಂದೇ ಜಿಲ್ಲೆಯಲ್ಲಿರುವ ಈ ಊರುಗಳು ಆಗ ಬೇರೆ ಬೇರೆ ಆಳ್ವಿಕೆಯಲ್ಲಿದ್ದವು. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ ತಾಲ್ಲೂಕು. ಲಕ್ಷ್ಮೇಶ್ವರ ಹಿರಿಯ ಮಿರಜ ಸಂಸ್ಥಾನದ ಭಾಗ. ಮುಂಡರಗಿಯ ಆಚೆಗೆ ಕೊಪ್ಪಳ ಸೀಮೆ, ಅಂದರೆ ನಿಜಾಮರ ರಾಜ್ಯ. ಎತ್ತಿನ ಗಾಡಿಯಲ್ಲಿ ಒಂದೆರಡು ದಿನದ ಹಾದಿಯೊಳಗೆ ನಾಲ್ಕು ಸರ್ಕಾರಗಳು. ಧಾರವಾಡದ ಮ್ಯಾಜಿಸ್ಟ್ರೇಟರು ಸಭೆಯೊಂದನ್ನು ನಿಷೇಧಿಸಿದರೆ ಆ ಆಜ್ಞೆ ಶಿರಹಟ್ಟಿಯ ಅಗಸಿಯೊಳಗೆ ನಡೆಯುತ್ತಿರಲಿಲ್ಲ. ತಿರುಗಾಡುವ ಪ್ರಚಾರಕರಿಗೆ ಇದು ಅನುಕೂಲ, ಕಾವಲು ಕಾಯುವವರಿಗೆ ತೊಡಕು.

ಬ್ರಿಟಿಷ್ ಆಡಳಿತದ ಕೈಯಲ್ಲಿದ್ದ ಸಾಧನಗಳು ಮೂರು ಬಗೆಯವು. ಮೊದಲನೆಯದು ಮಾಹಿತಿ: ಮುಂಬಯಿ ಪ್ರಾಂತದ ಪೊಲೀಸರು ರಾಜಕೀಯ ಹಾಗೂ ಧಾರ್ಮಿಕ ಸಭೆಗಳ ಸಾರವನ್ನು ವಾರವಾರದ ಗುಪ್ತ ವರದಿಗಳಲ್ಲಿ ದಾಖಲಿಸುತ್ತಿದ್ದರು. ಎರಡನೆಯದು ಮುನ್ನೆಚ್ಚರಿಕೆ: 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 144ನೆಯ ಕಲಂ ಪ್ರಕಾರ ಸಭೆಗೆ ತಡೆ, 107ನೆಯ ಕಲಂ ಪ್ರಕಾರ ಶಾಂತಿ ಕಾಪಾಡುವ ಮುಚ್ಚಳಿಕೆ. ಮೂರನೆಯದು ಶಿಕ್ಷೆ: ದಂಡ ಸಂಹಿತೆಯ 153-ಎ ಕಲಂ. ಧಾರ್ಮಿಕ ಭಾವನೆಗಳನ್ನು ಉದ್ದೇಶಪೂರ್ವಕವಾಗಿ ಅವಮಾನಿಸುವುದನ್ನು ಅಪರಾಧವಾಗಿಸಿದ 295-ಎ ಕಲಂ ಸೇರ್ಪಡೆಯಾದದ್ದು 1927ರಲ್ಲಿ, ಲಾಹೋರಿನ ಪುಸ್ತಕವೊಂದರ ವಿವಾದದ ಪರಿಣಾಮವಾಗಿ. ಅಂದರೆ 1924ರಲ್ಲಿ ಗದುಗಿನವರ ಕೈಗೆ ಆ ಕಲಂ ಇನ್ನೂ ಸಿಕ್ಕಿರಲಿಲ್ಲ.

ಹೈದರಾಬಾದಿನ ನೆಲೆ

ಪಂಥದ ಕೇಂದ್ರ ಮುಂದೆ ಹೈದರಾಬಾದಿನ ಆಸಿಫ್‌ನಗರಕ್ಕೆ ಸ್ಥಳಾಂತರಗೊಂಡಿತು. ಅಲ್ಲಿನ ನೆಲೆಗೆ ಜಗದ್ಗುರು ಆಶ್ರಮವೆಂಬ ಹೆಸರು ಬಂತು. ಸ್ಥಾಪಕರು 1952ರಲ್ಲಿ ತೀರಿಕೊಂಡ ಬಳಿಕ ಅವರ ಉರುಸು ಅನುಯಾಯಿಗಳು ಕೂಡುವ ವಾರ್ಷಿಕ ಸಂದರ್ಭವಾಯಿತು. ದೇಶ ವಿಭಜನೆಯ ನಂತರ ಸ್ಥಾಪಕರ ಕುಟುಂಬದ ಒಂದು ಕವಲು ಪಾಕಿಸ್ತಾನದ ಮರ್ದಾನ್‌ನಲ್ಲಿ ನೆಲೆಸಿತು. ಇದರ ಮಹತ್ವ 2000ದ ತನಿಖೆಯಲ್ಲಿ ಹೊರಬಿತ್ತು.

1947–48ರಲ್ಲಿ ನಿಜಾಮರ ರಾಜ್ಯದ ಗಡಿಗೆ ಅಂಟಿಕೊಂಡ ಮುಂಡರಗಿಯಲ್ಲಿ ಹೈದರಾಬಾದ್ ವಿಮೋಚನಾ ಹೋರಾಟದ ಶಿಬಿರವಿತ್ತು; ಅಳವಂಡಿ ಶಿವಮೂರ್ತಿಸ್ವಾಮಿಗಳು ಅದರ ನಾಯಕರು. ರಜಾಕಾರರ ದಾಳಿಗಳಿಂದ ಗಡಿಯ ಹಳ್ಳಿಗಳು ತತ್ತರಿಸಿದ್ದ ಆ ದಿನಗಳ ನೆನಪು ಈ ಭಾಗದ ಹಿರಿಯರಲ್ಲಿ ಬಹುಕಾಲ ಉಳಿದಿತ್ತು. 1948ರ ಮಾರ್ಚಿನಲ್ಲಿ ಸಾಂಗಲಿ, ಮಿರಜ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾದವು. ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. ಮುಂದಿನ ಐದು ದಶಕಗಳಲ್ಲಿ ಪಂಥದ ಹೆಸರು ಪತ್ರಿಕೆಗಳಲ್ಲಿ ಹೆಚ್ಚಾಗಿ ಕೇಳಿಬರಲಿಲ್ಲ.

2000ದ ಸ್ಫೋಟಗಳು

2000ನೆಯ ಇಸವಿಯ ಮೇ ತಿಂಗಳಿಂದ ಜುಲೈವರೆಗೆ ಮೂರು ರಾಜ್ಯಗಳ ಕ್ರೈಸ್ತ ಪ್ರಾರ್ಥನಾ ಸ್ಥಳಗಳಲ್ಲಿ ಬಾಂಬುಗಳು ಸಿಡಿದವು. ಕರ್ನಾಟಕದಲ್ಲಿ ಜೂನ್ 8ರಂದು ಅಂದಿನ ಗುಲಬರ್ಗಾ ಜಿಲ್ಲೆಯ ವಾಡಿಯ ಚರ್ಚ್, ಜುಲೈ 8ರಂದು ಹುಬ್ಬಳ್ಳಿಯ ಲೂಥರನ್ ಚರ್ಚ್, ಜುಲೈ 9ರಂದು ಬೆಂಗಳೂರಿನ ಜಗಜೀವನರಾಂ ನಗರದ ಸಂತ ಪೀಟರ್ ಮತ್ತು ಪಾಲ್ ಚರ್ಚ್ ಗುರಿಯಾದವು. ಹುಬ್ಬಳ್ಳಿಯಿಂದ ಗದುಗಿಗೆ 60 ಕಿಲೋಮೀಟರಿಗಿಂತ ಕಡಿಮೆ ದೂರ.

1999ರ ಜನವರಿಯಲ್ಲಿ ಒಡಿಶಾದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಮಕ್ಕಳನ್ನು ಸುಟ್ಟು ಕೊಂದ ಘಟನೆ ಇನ್ನೂ ಹಸಿಯಾಗಿತ್ತು. ಹಾಗಾಗಿ ಅನುಮಾನ ಮೊದಲು ತಿರುಗಿದ್ದು ಹಿಂದೂ ಸಂಘಟನೆಗಳ ಕಡೆಗೆ. ಜುಲೈ 9ರ ರಾತ್ರಿ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ವ್ಯಾನೊಂದು ಸ್ಫೋಟಗೊಂಡಾಗ ಪ್ರಕರಣದ ದಿಕ್ಕು ಬದಲಾಯಿತು. ಒಳಗೆ ಸಾಗಿಸುತ್ತಿದ್ದ ಬಾಂಬು ಸಿಡಿದು ಇಬ್ಬರು ಸತ್ತರು, ಒಬ್ಬ ಗಾಯಗೊಂಡು ಸಿಕ್ಕಿಬಿದ್ದ. ಇವರು ದೀನ್‌ದಾರ್ ಅಂಜುಮನ್‌ಗೆ ಸೇರಿದವರೆಂದು ರಾಜ್ಯ ಪೊಲೀಸರ ತನಿಖೆಯಲ್ಲಿ ಕಂಡುಬಂತು. ಒಂದು ಸಮುದಾಯ ಮಾಡಿದಂತೆ ತೋರಿಸಿ ಇನ್ನೊಂದನ್ನು ಎತ್ತಿಕಟ್ಟುವುದು, ಕೋಮುಗಳ ನಡುವೆ ದ್ವೇಷ ಹುಟ್ಟಿಸುವುದು ಸಂಚಿನ ಉದ್ದೇಶವಾಗಿತ್ತು, ಅದರ ಸೂತ್ರ ಪಾಕಿಸ್ತಾನದಲ್ಲಿದ್ದ ಸ್ಥಾಪಕರ ಮಗನ ಕೈಯಲ್ಲಿತ್ತು ಎಂಬುದು ಸರ್ಕಾರಿ ಪಕ್ಷದ ವಾದ.

2008ರ ನವೆಂಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 23 ಮಂದಿಯನ್ನು ದೋಷಿಗಳೆಂದು ತೀರ್ಮಾನಿಸಿ 11 ಜನರಿಗೆ ಮರಣದಂಡನೆಯನ್ನೂ 12 ಜನರಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. ಭಾರತದ ಕಾನೂನಿನಲ್ಲಿ ವಿಚಾರಣಾ ನ್ಯಾಯಾಲಯ ಕೊಟ್ಟ ಮರಣದಂಡನೆ ಹೈಕೋರ್ಟು ದೃಢೀಕರಿಸಿದ ಹೊರತು ಜಾರಿಯಾಗುವುದಿಲ್ಲ. ಸಂಘಟನೆಯ ಮುಖಂಡರು ಸ್ಫೋಟಗಳಿಗೂ ಸಂಸ್ಥೆಗೂ ಸಂಬಂಧವಿಲ್ಲವೆಂದೂ ತಮ್ಮದು ಧರ್ಮಸಮನ್ವಯದ ಕೆಲಸವೆಂದೂ ಹೇಳಿದ್ದರು.

ನಿಷೇಧ ಮತ್ತು ನೆಲೆಗಳ ಮುಚ್ಚುಗಡೆ

ಕೇಂದ್ರ ಸರ್ಕಾರ 2001ರಲ್ಲಿ ಕಾನೂನುಬಾಹಿರ ಚಟುವಟಿಕೆಗಳ (ತಡೆ) ಕಾಯ್ದೆ, 1967ರ ಅಡಿ ದೀನ್‌ದಾರ್ ಅಂಜುಮನ್ ಅನ್ನು ಕಾನೂನುಬಾಹಿರ ಸಂಘವೆಂದು ಘೋಷಿಸಿತು. ಇಂಥ ಘೋಷಣೆಯನ್ನು ಹೈಕೋರ್ಟ್ ನ್ಯಾಯಾಧೀಶರೊಬ್ಬರ ನ್ಯಾಯಮಂಡಳಿ ಆರು ತಿಂಗಳೊಳಗೆ ಪರಿಶೀಲಿಸಬೇಕು. ಅಂದಿನ ಕಾಯ್ದೆಯಲ್ಲಿ ನಿಷೇಧದ ಅವಧಿ 2 ವರ್ಷ. 2013ರ ತಿದ್ದುಪಡಿ ಅದನ್ನು 5 ವರ್ಷಕ್ಕೆ ಏರಿಸಿತು. 2004ರಲ್ಲಿ ಪೋಟಾ ಕಾಯ್ದೆ ರದ್ದಾಗಿ ಭಯೋತ್ಪಾದಕ ಸಂಘಟನೆಗಳ ಪಟ್ಟಿ 1967ರ ಕಾಯ್ದೆಗೆ ಮೊದಲ ಅನುಸೂಚಿಯಾಗಿ ಸೇರಿದಾಗ ದೀನ್‌ದಾರ್ ಅಂಜುಮನ್ ಹೆಸರೂ ಅದರಲ್ಲಿ ಬಂತು. ಅನುಸೂಚಿಯಲ್ಲಿ ಸೇರಿದ ಹೆಸರಿಗೆ ಕಾಲಮಿತಿ ಇಲ್ಲ. ಹೆಸರು ತೆಗೆಯಬೇಕೆಂದು ಕೋರುವ ಅರ್ಜಿಯನ್ನು ಕೇಂದ್ರ ಸರ್ಕಾರಕ್ಕೆ ಸಲ್ಲಿಸಬಹುದು. ತಿರಸ್ಕೃತವಾದರೆ ಪುನರ್ವಿಮರ್ಶಾ ಸಮಿತಿಯ ಮುಂದೆ ಹೋಗಬಹುದು.

ನಿಷೇಧಿತ ಸಂಘದ ಕಟ್ಟಡದ ಗತಿ ಏನಾಗುತ್ತದೆ ಎಂಬುದು ಓದುಗರಲ್ಲಿ ಸಹಜವಾಗಿ ಮೂಡುವ ಪ್ರಶ್ನೆ. ಕಾಯ್ದೆಯ 8ನೆಯ ಕಲಂ ಇದಕ್ಕೆ ಉತ್ತರ ಕೊಡುತ್ತದೆ. ಸಂಘವು ಬಳಸುವ ಮನೆ, ಕಟ್ಟಡ, ಕೊನೆಗೆ ಡೇರೆಯನ್ನೂ ಸರ್ಕಾರ ಅಧಿಸೂಚಿತ ಸ್ಥಳವೆಂದು ಘೋಷಿಸಬಹುದು. ಆಗ ಜಿಲ್ಲಾ ಮ್ಯಾಜಿಸ್ಟ್ರೇಟರು ಅಲ್ಲಿರುವ ಚರ ವಸ್ತುಗಳ ಪಟ್ಟಿ ಮಾಡಬೇಕು. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬುದಾರನ ಸಲಕರಣೆ, ಒಕ್ಕಲುತನದ ಸಾಮಾನು, ದನಕರು, ದವಸಧಾನ್ಯಗಳನ್ನು ಈ ಪಟ್ಟಿಯಿಂದ ಕಾನೂನೇ ಹೊರಗಿಟ್ಟಿದೆ. ಅಧಿಸೂಚನೆಯ ದಿನ ಅಲ್ಲಿ ವಾಸವಿಲ್ಲದವರು ಅನುಮತಿಯಿಲ್ಲದೆ ಒಳಹೋಗುವಂತಿಲ್ಲ. ವಾಸವಿದ್ದವರ ಹತ್ತಿರದ ಬಂಧುಗಳಿಗೆ ಮಾತ್ರ ವಿನಾಯಿತಿ. ಬಾಧಿತರು ಜಿಲ್ಲಾ ನ್ಯಾಯಾಧೀಶರಲ್ಲಿ ಮೊರೆ ಹೋಗಬಹುದು. ಆಶ್ರಮವೊಂದರಲ್ಲಿ ಸಂಘಟನೆಯಷ್ಟೇ ಅಲ್ಲ, ಸಂಸಾರಗಳೂ ಇರುತ್ತವೆ ಎಂಬ ಅರಿವು ಈ ವಿನಾಯಿತಿಗಳಲ್ಲಿ ಕಾಣುತ್ತದೆ. ಇಷ್ಟು ಕಟುವಾದ ಕಾಯ್ದೆಯಲ್ಲಿ ಇದನ್ನು ಓದಿದಾಗ ಸ್ವಲ್ಪ ಆಶ್ಚರ್ಯವೇ ಆಗುತ್ತದೆ.

ಕಾವಲು ಮತ್ತು ಪ್ರತಿಭಟನೆಯ ಮಿತಿಗಳು

ನಿಷೇಧವಾಗದ, ಆದರೆ ಜನರ ಅನುಮಾನಕ್ಕೆ ಗುರಿಯಾದ ಧಾರ್ಮಿಕ ನೆಲೆಗಳ ವಿಷಯ ಬೇರೆ. ಪೊಲೀಸರು ಹೊರಗಿನಿಂದ ಗಮನಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ರಾತ್ರಿ ಹೊತ್ತು ಮನೆಯ ಬಾಗಿಲು ತಟ್ಟಿ ತಪಾಸಣೆ ಮಾಡುವ ಪೊಲೀಸ್ ನಿಯಮವನ್ನು ಸುಪ್ರೀಂ ಕೋರ್ಟು ಖರಕ್ ಸಿಂಗ್ ಪ್ರಕರಣದಲ್ಲಿ 1962ರಲ್ಲೇ ರದ್ದುಗೊಳಿಸಿತು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ.

ನಾಗರಿಕರಿಗೆ ಶಾಂತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಡುತ್ತದೆ. 25ನೆಯ ವಿಧಿ ಧರ್ಮವನ್ನು ಆಚರಿಸುವ ಮತ್ತು ಪ್ರಸಾರ ಮಾಡುವ ಹಕ್ಕನ್ನು ಕೊಡುತ್ತದೆ. ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು 1977ರ ಸ್ಟೇನಿಸ್ಲಾಸ್ ತೀರ್ಪು ಹೇಳಿದೆ. ಎದುರು ರಸ್ತೆಯಲ್ಲಿ ಅನುಮತಿ ಪಡೆದು ಧರಣಿ ಕೂರುವುದು, ಮನವಿ ಕೊಡುವುದು, ಕರಪತ್ರ ಹಂಚುವುದು ಪ್ರತಿಭಟನೆ. ಗೇಟು ದಾಟಿ ಒಳನುಗ್ಗಿದ ಕ್ಷಣದಿಂದ ಅದು ಅತಿಕ್ರಮ ಪ್ರವೇಶ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಇತರೆಡೆ ಮತಾಂತರದ ಆರೋಪ ಹೊರಿಸಿ ಪ್ರಾರ್ಥನಾ ಮಂದಿರಗಳ ಮೇಲೆ ನಡೆದ ದಾಳಿಗಳು ಈ ಗೆರೆ ಅಳಿಸಿಹೋದಾಗ ಏನಾಗುವುದೆಂಬುದನ್ನು ತೋರಿಸಿದವು. ಆ ಘಟನೆಗಳ ಕುರಿತು ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಸಲ್ಲಿಸಿತು. 2024ರ ಜುಲೈ 1ರಿಂದ ಹಳೆಯ 144ನೆಯ ಕಲಮಿನ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮೂ, 153-ಎ ಮತ್ತು 295-ಎ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299ನೆಯ ಕಲಮುಗಳೂ ಜಾರಿಯಲ್ಲಿವೆ.

ಗದುಗಿನ ಮಟ್ಟಿಗೆ ಇನ್ನೊಂದು ಬಗೆಯ ಉತ್ತರವೂ ಇತ್ತು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು (1949–2018) ಕೋಮುಸೌಹಾರ್ದದ ಕೆಲಸವನ್ನು ಮಠದ ನಿತ್ಯದ ಕಾಯಕವಾಗಿಸಿಕೊಂಡರು. ಮಠದ ಜಾತ್ರೆಯಲ್ಲಿ ಪುಸ್ತಕ ಪ್ರಕಟಣೆ, ವಿಚಾರಗೋಷ್ಠಿಗಳಿಗೆ ಸ್ಥಾನ ಕೊಟ್ಟರು. ಪುಲಿಗೆರೆಯ ದೂದಪೀರಾಂ ಉರುಸಿಗೂ ಶಿರಹಟ್ಟಿಯ ಫಕೀರೇಶ್ವರ ಜಾತ್ರೆಗೂ ಎರಡೂ ಸಮುದಾಯಗಳ ಜನ 2000ದ ನಂತರವೂ ಹಿಂದಿನಂತೆ ಸೇರುತ್ತಿದ್ದಾರೆ.